ಒಂಬತ್ತು ಗುಮ್ಮಟಗಳ ಪುಟ್ಟ ಅಚ್ಚರಿ

ಉದ್ದ ಎಂಟು ಮೀಟರ್, ಅಗಲವೂ ಹೆಚ್ಚುಕಡಿಮೆ ಅಷ್ಟೇ. ಇಷ್ಟೇ ಇಷ್ಟು ಜಾಗದಲ್ಲಿ ನಾಲ್ಕು ಕಂಬ, ಹನ್ನೆರಡು ಕಮಾನು, ಒಂಬತ್ತು ಗುಮ್ಮಟ! ಆ ಒಂಬತ್ತರಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಸ್ಪೇನಿನ ಟೊಲೆಡೊ ಪಟ್ಟಣದ ಏರು ಓಣಿಯೊಂದರ ಪಕ್ಕದಲ್ಲಿ ಸಾವಿರ ವರ್ಷದಿಂದ ನಿಂತಿರುವ ಈ ಇಟ್ಟಿಗೆಯ ಕಟ್ಟಡ ಮಸೀದಿಯಾಗಿ ಹುಟ್ಟಿತು, ಚರ್ಚಾಗಿ ಬಾಳಿತು. ಊರಿನವರ ಬಾಯಲ್ಲಿ ಅದು ಕ್ರಿಸ್ಟೊ ಡೆ ಲಾ ಲುಸ್, ಬೆಳಕಿನ ಕ್ರಿಸ್ತ. ಪಕ್ಕದ ಕೋಟೆಬಾಗಿಲಿನ ಹೆಸರು ಹಿಡಿದು ಬಾಬ್ ಅಲ್-ಮರ್ದೂಮ್ ಮಸೀದಿ ಎಂದೂ ಕರೆಯುತ್ತಾರೆ. ಎರಡೂ ಹೆಸರು ಒಂದೇ ಫಲಕದಲ್ಲಿ, ಒಂದೇ ಗೋಡೆಗೆ ಸಲ್ಲುತ್ತವೆ.

ಚರ್ಚಾದ ಮಸೀದಿ ಎಂದಕೂಡಲೇ ಎಲ್ಲರಿಗೂ ನೆನಪಾಗುವುದು ಕೊರ್ದೊಬಾ. ಆಗಲೇಬೇಕು. 850ಕ್ಕೂ ಹೆಚ್ಚು ಕಂಬಗಳು, ಕೆಂಪು-ಬಿಳಿ ಪಟ್ಟೆಯ ಜೋಡಿ ಕಮಾನುಗಳು, ಅವುಗಳ ನಟ್ಟನಡುವೆ ಹದಿನಾರನೆಯ ಶತಮಾನದಲ್ಲಿ ಎದ್ದು ನಿಂತ ಕ್ರೈಸ್ತ ಪ್ರಧಾನಾಲಯ. ಅದು ಕಣ್ಣಿಗೆ ಹಬ್ಬ, ನಿಜ. ಆದರೆ ಅಲ್ಲಿ ಎರಡು ಕಾಲಗಳು ಒಂದನ್ನೊಂದು ನೂಕುತ್ತ ನಿಂತಿವೆ. ಮಸೀದಿಯ ಮಧ್ಯಭಾಗವನ್ನು ಕೆಡವಿ ಪ್ರಧಾನಾಲಯ ಏಳಿಸುವುದನ್ನು ಸ್ವತಃ ಕೊರ್ದೊಬಾ ನಗರಸಭೆಯೇ 1523ರಲ್ಲಿ ವಿರೋಧಿಸಿತ್ತು. ಕೊನೆಗೆ ಚಕ್ರವರ್ತಿ ಐದನೆಯ ಚಾರ್ಲ್ಸ್ ಧರ್ಮಾಧ್ಯಕ್ಷರ ಪರ ನಿಂತಮೇಲೆಯೇ ಕೆಲಸ ಸಾಗಿದ್ದು.

ಟೊಲೆಡೊದ ಈ ಪುಟ್ಟ ಕಟ್ಟಡದಲ್ಲಿ ಆದದ್ದೇ ಬೇರೆ. ಇಲ್ಲಿ ಮಸೀದಿಗೆ ಚರ್ಚಿನ ಭಾಗವನ್ನು ಸೇರಿಸಿದ ಮೇಸ್ತ್ರಿಗಳು ಮಸೀದಿ ಕಟ್ಟಿದವರ ಕಸುಬನ್ನೇ ಎತ್ತಿಕೊಂಡು ಮುಂದುವರಿಸಿದರು. ಪ್ರಾರ್ಥನೆ ಬದಲಾಯಿತು, ಇಟ್ಟಿಗೆ ಇಡುವ ಕೈಯ ಅಭ್ಯಾಸ ಬದಲಾಗಲಿಲ್ಲ. ಇನ್ನೂರು ವರ್ಷದ ಅಂತರದ ಎರಡು ಗೋಡೆಗಳು ಇಲ್ಲಿ ಒಂದಕ್ಕೊಂದು ತಾಗಿ ನಿಂತಿವೆ. ಬೆಸುಗೆ ಎಲ್ಲಿದೆ ಎಂದು ಹುಡುಕುತ್ತ ಹೋದರೆ ಕಣ್ಣು ಸೋಲುತ್ತದೆ!

ಏರು ಓಣಿ, ಮೂರು ಬಾಗಿಲು

ಮ್ಯಾಡ್ರಿಡ್‌ನಿಂದ ವೇಗದ ರೈಲು ಹತ್ತಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಟೊಲೆಡೊ. ತಾಹೋ ನದಿ ಮೂರು ಕಡೆಯಿಂದ ಬಳಸಿ ಹರಿಯುವ ಕಲ್ಲುಗುಡ್ಡದ ಮೇಲೆ ಊರು ಕೂತಿದೆ. ರೋಮನ್ನರು ಇಲ್ಲಿದ್ದರು. ವಿಸಿಗೋಥ್ ರಾಜರಿಗೆ ಇದು ರಾಜಧಾನಿ. 711ರಲ್ಲಿ ಮುಸ್ಲಿಂ ಸೇನಾನಿ ತಾರಿಖ್‌ನ ಸೇನೆ ಜಿಬ್ರಾಲ್ಟರ್ ದಾಟಿ ಬಂದಮೇಲೆ ಮುನ್ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷ ಮುಸ್ಲಿಂ ಅರಸರ ಊರು. 1085ರಿಂದ ಕ್ರೈಸ್ತ ಅರಸರದು. 1986ರಲ್ಲಿ ಯುನೆಸ್ಕೊ ಇಡೀ ಹಳೆಯ ಪಟ್ಟಣವನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕಟ್ಟಡವನ್ನಲ್ಲ, ಊರಿಗೆ ಊರನ್ನೇ!

ಪ್ರವಾಸಿಗರ ಪ್ರವಾಹ ಸಾಮಾನ್ಯವಾಗಿ ಪ್ರಧಾನಾಲಯದ ಕಡೆಗೆ, ಚಿತ್ರಕಾರ ಎಲ್ ಗ್ರೆಕೊನ ಚಿತ್ರಗಳ ಕಡೆಗೆ ಹರಿಯುತ್ತದೆ. ನಾನು ಅದರಿಂದ ಕಳಚಿಕೊಂಡು ಪುಯೆರ್ತಾ ಡೆಲ್ ಸೋಲ್ ಎಂಬ ಎತ್ತರದ ಕೋಟೆಬಾಗಿಲಿನ ಹತ್ತಿರ ಕಲ್ಲು ಹಾಸಿದ ಏರು ಹಿಡಿದೆ. ಕಾಲಿಗೆ ಕೆಲಸ ಕೊಡುವ ಏರು ಅದು. ಪಕ್ಕದಲ್ಲಿ ಇನ್ನೊಂದು, ಇನ್ನೂ ಹಳೆಯ, ಗಿಡ್ಡನೆಯ ಬಾಗಿಲು: ಬಾಬ್ ಅಲ್-ಮರ್ದೂಮ್. ಅದರ ಬಳಿಯಲ್ಲೇ ಒಂದು ಗೋಡೆ ಎದುರಾಗುತ್ತದೆ. ಒಂದೇ ಗೋಡೆಯಲ್ಲಿ ಮೂರು ಬಾಗಿಲು, ಮೂರಕ್ಕೂ ಮೂರು ಬಗೆಯ ಕಮಾನು! ಒಂದು ಎಸಳು ಎಸಳಾಗಿ ಅರಳಿದ ಕಮಾನು, ಒಂದು ನೇರ ಅರ್ಧವೃತ್ತ, ಇನ್ನೊಂದು ಕುದುರೆಲಾಳದಂತೆ ಕೆಳಗೆ ಒಳಬಾಗಿದ್ದು. ಒಳಗೆ ಹೋಗುವ ಮೊದಲೇ ಕಟ್ಟಿದವನು ಸಾರಿಬಿಟ್ಟಿದ್ದಾನೆ: ನಾನು ಒಂದನ್ನು ಎರಡು ಸಲ ಮಾಡುವವನಲ್ಲ.

ಬಾಗಿಲುಗಳ ಮೇಲೆ ಒಂದಕ್ಕೊಂದು ಹೆಣೆದುಕೊಂಡ ಕಮಾನುಗಳ ಸಾಲು. ಅವು ತೆರೆದ ಕಮಾನುಗಳಲ್ಲ, ಗೋಡೆಯ ಮೇಲೆ ಉಬ್ಬಿಸಿದ ಅಲಂಕಾರ. ಅದರ ಮೇಲೆ ಜಾಲಂದ್ರದಂಥ ಇಟ್ಟಿಗೆಯ ಹೆಣಿಗೆ. ಇವೆಲ್ಲಕ್ಕೂ ಮೇಲೆ, ಮಾಡಿನ ಅಂಚಿನ ಕೆಳಗೆ, ಉದ್ದಕ್ಕೂ ಒಂದು ಪಟ್ಟಿ. ಅದನ್ನೂ ಅಲಂಕಾರ ಅಂದುಕೊಂಡು ಕಣ್ಣು ಜಾರಿಸಿಬಿಡುವುದು ಸುಲಭ. ಅದು ಅಲಂಕಾರವಲ್ಲ, ಬರಹ!

ಇಟ್ಟಿಗೆಯಲ್ಲಿ ಬರೆದ ಹೆಸರು

ಕಲ್ಲಿನಲ್ಲಿ ಅಕ್ಷರ ಕೊರೆಯುವುದು ನಮಗೆ ಹೊಸದಲ್ಲ, ಹಲ್ಮಿಡಿಯ ಕಾಲದಿಂದ ಕಂಡಿದ್ದೇವೆ. ಆದರೆ ಇಟ್ಟಿಗೆಯನ್ನೇ ಕಡಿದು, ಗೋಡೆಯಿಂದ ತುಸು ಮುಂದಕ್ಕೆ ಚಾಚಿ, ಒಂದೊಂದು ತುಂಡನ್ನೂ ಅಕ್ಷರದ ಒಂದೊಂದು ಗೀಟಾಗಿ ನಿಲ್ಲಿಸಿ ಬರೆಯುವುದು! ಅರಬ್ಬಿಯ ಕೂಫಿ ಲಿಪಿಯ ನೆಟ್ಟನೆಯ ಗೀಟುಗಳಿಗೆ ಇಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಅಕ್ಷರದ ಪಕ್ಕ ಅದರದೇ ನೆರಳು ಬಿದ್ದು ಬರಹ ಎದ್ದು ಕಾಣುತ್ತದೆ. ಶಾಯಿ ಬೇಕಿಲ್ಲ, ಬಣ್ಣ ಬೇಕಿಲ್ಲ. ಬಿಸಿಲೇ ಬರೆಯುತ್ತದೆ.

ಆ ಸಾಲಿನಲ್ಲಿ ಇರುವ ಸಂಗತಿ ಇನ್ನೂ ದೊಡ್ಡದು. ದೇವರ ಹೆಸರಿನಿಂದ ಶುರುವಾಗಿ ಅದು ಹೇಳುವುದು ಇಷ್ಟು: ಅಹ್ಮದ್ ಇಬ್ನ್ ಹದೀದಿ ಎಂಬಾತ ತನ್ನ ಸ್ವಂತ ಹಣದಿಂದ, ಪರಲೋಕದ ಫಲ ಬಯಸಿ ಈ ಮಸೀದಿ ಕಟ್ಟಿಸಿದ. ಕಟ್ಟಡದ ಕೆಲಸ ನಡೆಸಿದವನು ಮೂಸಾ ಇಬ್ನ್ ಅಲಿ, ಜೊತೆಗೆ ಸಆದಾ. ಮುಗಿದದ್ದು ಹಿಜರಿ 390ರ ಮೊಹರಂ ತಿಂಗಳಲ್ಲಿ. ನಮ್ಮ ಲೆಕ್ಕದಲ್ಲಿ 999ರ ಡಿಸೆಂಬರ್ ನಡುವಿನಿಂದ 1000ದ ಜನವರಿ ನಡುವಿನವರೆಗಿನ ತಿಂಗಳು. ಸಾವಿರದ ಹೊಸ್ತಿಲ ಮೇಲೆಯೇ ಈ ಕಟ್ಟಡ ಮುಗಿಯಿತು!

ಸುಲ್ತಾನನಲ್ಲ, ಖಲೀಫನಲ್ಲ. ಊರಿನ ಒಬ್ಬ ಗೃಹಸ್ಥ ತನ್ನ ಕೈಯಿಂದ ಖರ್ಚು ಮಾಡಿ ಕಟ್ಟಿಸಿದ್ದು. ಅದರಲ್ಲಿ ಕೊಟ್ಟವನ ಹೆಸರಿನ ಜೊತೆಗೆ ಕಟ್ಟಿದವನ ಹೆಸರೂ ಉಳಿಯಿತು. ಆ ಕಾಲದ ಎಷ್ಟು ಕಟ್ಟಡಗಳ ಮೇಸ್ತ್ರಿಗಳ ಹೆಸರು ನಮಗೆ ಗೊತ್ತು? ಬೆರಳೆಣಿಕೆಯಷ್ಟು. ಇಲ್ಲಿ ಮೂಸಾ ಇಬ್ನ್ ಅಲಿ ತನ್ನ ಹೆಸರನ್ನು ತನ್ನ ಕಸುಬಿನ ಸಾಮಗ್ರಿಯಲ್ಲೇ ಬರೆದಿಟ್ಟು ಹೋದ. ಅದಕ್ಕಿಂತ ರೋಮಾಂಚನದ ಮಾತೆಂದರೆ, ಈ ಬರಹ ಶತಮಾನಗಳ ಕಾಲ ಗಾರೆಯ ಹಿಂದೆ ಅಡಗಿಹೋಗಿತ್ತು. ಗಾರೆ ತೆಗೆದು ಅದನ್ನು ಬೆಳಕಿಗೆ ತಂದದ್ದು 1899ರಲ್ಲಿ. ಒಂಬೈನೂರು ವರ್ಷದ ಮೇಲೆ ಮೇಸ್ತ್ರಿ ಮತ್ತೆ ತನ್ನ ಹೆಸರು ಹೇಳಿದ!

ತಲೆ ಎತ್ತಿದ ಕೂಡಲೇ

ಈಗ ಒಳಗೆ. ನಾಲ್ಕು ಕಂಬ, ಅವುಗಳ ತಲೆಯ ಮೇಲೆ ಕೆತ್ತನೆಯ ಬೋದಿಗೆಗಳು. ಇವು ಮಸೀದಿಗಾಗಿ ಮಾಡಿದವಲ್ಲ, ವಿಸಿಗೋಥ್ ಕಾಲದ ಹಳೆಯ ಕಟ್ಟಡಗಳಿಂದ ಬಂದವು. ಒಂದರ ಅಳತೆ ಇನ್ನೊಂದಕ್ಕಿಲ್ಲ, ಕೆತ್ತನೆಯೂ ಬೇರೆ ಬೇರೆ. ಅಂದರೆ ಈ ಮಸೀದಿಯ ಭಾರ ಹೊತ್ತಿರುವುದೇ ಅದಕ್ಕಿಂತ ಹಳೆಯ ಕ್ರೈಸ್ತ ಕಾಲದ ಕಲ್ಲು. ಕಂಬದಿಂದ ಕಂಬಕ್ಕೆ, ಕಂಬದಿಂದ ಗೋಡೆಗೆ ಹಾರಿದ ಹನ್ನೆರಡು ಲಾಳದ ಕಮಾನುಗಳು ಆ ಚೌಕವನ್ನು ಒಂಬತ್ತು ಅಂಕಣಗಳಾಗಿ ಹಂಚುತ್ತವೆ. ಒಂದೊಂದು ಅಂಕಣವೂ ಎರಡು ಮೀಟರಿನ ಆಸುಪಾಸು, ಇಬ್ಬರು ಕೈ ಚಾಚಿ ನಿಂತರೆ ತುಂಬಿಹೋಗುವಷ್ಟು.

ಕನ್ನಡದ ಕಣ್ಣಿಗೆ ಈ ವಿನ್ಯಾಸ ತಟ್ಟನೆ ಗುರುತಾಗುತ್ತದೆ. ನಾಲ್ಕು ಕಂಬ, ಒಂಬತ್ತು ಅಂಕಣ: ಇದು ನಮ್ಮ ಗುಡಿಗಳ ನವರಂಗ! ಹೊಯ್ಸಳ ಗುಡಿಯ ನವರಂಗದಲ್ಲಿ ನಿಂತು ಒಂದೊಂದು ಭುವನೇಶ್ವರಿಯನ್ನೂ ಕತ್ತು ನೋಯುವ ತನಕ ನೋಡಿದವರಿಗೆ ಇಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಟೊಲೆಡೊಗೂ ಬೇಲೂರಿಗೂ ಯಾವ ನಂಟೂ ಇಲ್ಲ. ಆದರೆ ಚೌಕವನ್ನು ಒಂಬತ್ತಾಗಿ ಹಂಚಿ, ಪ್ರತಿ ಭಾಗದ ಮಾಡನ್ನೂ ಬೇರೆ ಬೇರೆಯಾಗಿ ಮಾಡಬೇಕೆಂಬ ಹಂಬಲ ಎರಡು ಕಡೆಯೂ ಒಂದೇ.

ಮೇಲೆ ನೋಡಿ. ಒಂದು ಅಂಕಣದಲ್ಲಿ ಕಮಾನುಪಟ್ಟಿಗಳು ಮೂಲೆಯಿಂದ ಮೂಲೆಗೆ ಹಾಯುತ್ತವೆ. ಪಕ್ಕದ್ದರಲ್ಲಿ ಜೋಡಿ ಪಟ್ಟಿಗಳು ಅಡ್ಡಕ್ಕೂ ಉದ್ದಕ್ಕೂ ಹರಿದು ನಡುವೆ ಚೌಕ ಬಿಡುತ್ತವೆ. ಇನ್ನೊಂದರಲ್ಲಿ ಪಟ್ಟಿಗಳು ಒಂದನ್ನೊಂದು ಕತ್ತರಿಸಿ ನಕ್ಷತ್ರ ಮೂಡಿಸುತ್ತವೆ. ಮತ್ತೊಂದರಲ್ಲಿ ಅವು ನಡುವನ್ನು ಬೇಕೆಂದೇ ತಪ್ಪಿಸಿ ಸುತ್ತಲೂ ಸುಳಿಯುತ್ತವೆ. ನಟ್ಟನಡುವಿನ ಅಂಕಣ ಮಿಕ್ಕ ಎಂಟಕ್ಕಿಂತ ಎತ್ತರಕ್ಕೆ ಏರುತ್ತದೆ. ಒಂಬತ್ತೂ ಸೇರಿದರೆ ಪಟ್ಟಿ ಹೆಣೆಯುವ ವಿದ್ಯೆಯ ಪೂರ್ತಿ ಪಾಠ, ಇಟ್ಟಿಗೆಯಲ್ಲಿ ಬಿಡಿಸಿದ್ದು.

ಈ ವಿದ್ಯೆ ಬಂದದ್ದು ಕೊರ್ದೊಬಾದಿಂದ. ಅಲ್ಲಿ ಖಲೀಫ ಎರಡನೆಯ ಅಲ್-ಹಕಮ್ 960ರ ದಶಕದಲ್ಲಿ ಮಹಾಮಸೀದಿಯನ್ನು ವಿಸ್ತರಿಸಿದಾಗ ಪ್ರಾರ್ಥನೆಯ ದಿಕ್ಕು ತೋರುವ ಗೂಡಾದ ಮಿಹ್ರಾಬಿನ ಮುಂದೆ ಹೆಣೆದ ಪಟ್ಟಿಗಳ ಗುಮ್ಮಟಗಳು ಎದ್ದವು. ಅರಮನೆಯ ಖಜಾನೆ, ಆರಿಸಿ ತಂದ ಕುಶಲಕರ್ಮಿಗಳು, ಬೈಜಾಂಟಿಯಮ್ ಚಕ್ರವರ್ತಿ ಕಳಿಸಿದ ಬಂಗಾರದ ಮೊಸಾಯಿಕ್ ಹರಳುಗಳು, ಎಲ್ಲ ಇತ್ತು ಅಲ್ಲಿ. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಟೊಲೆಡೊದ ಮೇಸ್ತ್ರಿ ಅದೇ ಗುಮ್ಮಟಗಳನ್ನು ಅಂಗೈಯಗಲಕ್ಕೆ ಇಳಿಸಿ, ಅಮೃತಶಿಲೆಯ ಹಂಗಿಲ್ಲದೆ, ಬರಿಯ ಇಟ್ಟಿಗೆ-ಗಾರೆಯಲ್ಲಿ ಒಂಬತ್ತು ಬಗೆಯಾಗಿ ಕಟ್ಟಿ ತೋರಿಸಿದ! ಇಂಗ್ಲೆಂಡಿನ ಡರ್ಹಮ್‌ನಲ್ಲಿ ಪಟ್ಟಿಗಳ ಕಮಾನು ಚಾವಣಿಯ ಪ್ರಸಿದ್ಧ ಪ್ರಧಾನಾಲಯಕ್ಕೆ ಅಡಿಪಾಯ ಬಿದ್ದದ್ದು 1093ರಲ್ಲಿ, ಇದಾದ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಮೇಲೆ.

ಒಂಬತ್ತು ಅಂಕಣದ ಮಸೀದಿಯ ವಿನ್ಯಾಸವೂ ಬಹಳ ದೂರ ನಡೆದು ಬಂದದ್ದು. ಅಫ್ಘಾನಿಸ್ತಾನದ ಬಲ್ಖ್‌ನಲ್ಲಿ ಒಂಬತ್ತು ಗುಮ್ಮಟದ ಮಸೀದಿಯ ಅವಶೇಷ ಇದೆ. ಟ್ಯುನೀಷಿಯಾದ ಸೂಸ್ ಪಟ್ಟಣದಲ್ಲಿ ಒಂಬತ್ತನೆಯ ಶತಮಾನದ ಒಂದಿದೆ. ಟೊಲೆಡೊದಲ್ಲೇ ತೊರ್ನೆರಿಯಾಸ್ ಎಂಬ ಇನ್ನೊಂದಿದೆ. ಬಲ್ಖ್‌ನಿಂದ ತಾಹೋ ದಂಡೆಯ ತನಕ ಹರಡಿದ ಒಂದೇ ಲೆಕ್ಕಾಚಾರದ ಪಡುವಣ ತುದಿಯಲ್ಲಿ ನಿಂತಿದ್ದೇನೆ ಎಂದು ನೆನೆದಾಗ ಮೈ ಜುಮ್ಮೆಂದಿತು.

ಮಂಡಿಯೂರಿದ ಕುದುರೆ

ಹೊರಗೆ, ಬಾಗಿಲಿನ ಮುಂದಿನ ಕಲ್ಲುಹಾಸಿನಲ್ಲಿ ಒಂದು ಬಿಳಿಯ ಕಲ್ಲಿದೆ. ಅದಕ್ಕೊಂದು ಕಥೆ. 1085ರ ಮೇ 25ರಂದು ಕ್ಯಾಸ್ಟೀಲ್ ರಾಜ ಆರನೆಯ ಅಲ್ಫೊನ್ಸೊ ಗೆದ್ದ ಊರಿನೊಳಗೆ ಬಂದ. ಈ ಮಸೀದಿಯ ಮುಂದೆ ಅವನ ಕುದುರೆ ಮಂಡಿಯೂರಿತು, ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಗೋಡೆಯ ಸಂದಿಯಿಂದ ಬೆಳಕು ಬರುತ್ತಿತ್ತು. ಒಡೆದು ನೋಡಿದರೆ ಒಳಗೆ ಶಿಲುಬೆಯ ಕ್ರಿಸ್ತ, ಮುಂದೆ ಒಂದು ದೀಪ. ವಿಸಿಗೋಥರ ಕಾಲದಲ್ಲಿ ಹಚ್ಚಿಟ್ಟ ದೀಪ ಅಷ್ಟೂ ಶತಮಾನ ಆರದೆ ಉರಿದಿತ್ತು! ಮಂಡಿಯೂರಿದ್ದು ರಾಜನ ಕುದುರೆಯಲ್ಲ, ವೀರ ಎಲ್ ಸಿದ್‌ನ ಕುದುರೆ ಎನ್ನುವವರೂ ಇದ್ದಾರೆ. ಬೆಳಕಿನ ಕ್ರಿಸ್ತ ಎಂಬ ಹೆಸರಿಗೆ ಊರು ಕೊಡುವ ಕಾರಣ ಇದು.

ಐತಿಹ್ಯದ ಜಾಗ ಐತಿಹ್ಯಕ್ಕಿರಲಿ. ಇತಿಹಾಸದಲ್ಲಿ ಉಳಿದ ಸಂಗತಿ ಅದಕ್ಕಿಂತ ಕಡಿಮೆಯ ಅಚ್ಚರಿಯದಲ್ಲ. ಇದೇ ಅಲ್ಫೊನ್ಸೊ 1072ರಲ್ಲಿ ಅಣ್ಣ ಸಾಂಚೊನ ಕೈಯಲ್ಲಿ ಸೋತು, ರಾಜ್ಯ ಕಳೆದುಕೊಂಡು, ಆಶ್ರಯಕ್ಕೆ ಬಂದದ್ದು ಇದೇ ಟೊಲೆಡೊಗೆ. ಅವನಿಗೆ ಅನ್ನ-ನೆರಳು ಕೊಟ್ಟವನು ಇಲ್ಲಿನ ಮುಸ್ಲಿಂ ಅರಸ ಅಲ್-ಮಾಮೂನ್. ಊರಿನ ಬಾಗಿಲು, ಗೋಡೆ, ಓಣಿಗಳೆಲ್ಲ ಅವನು ನಡೆದು ಕಂಡಿದ್ದವು. ಹದಿಮೂರು ವರ್ಷದ ಮೇಲೆ ಗೆದ್ದವನಾಗಿ ಮರಳಿದಾಗ ಊರು ಒಪ್ಪಂದದ ಮೇಲೆ ಶರಣಾಯಿತು. ಊರಿನ ಮಹಾಮಸೀದಿ ಮುಸ್ಲಿಮರ ಕೈಯಲ್ಲೇ ಉಳಿಯಬೇಕೆಂಬುದು ಆ ಒಪ್ಪಂದದ ಮಾತು.

ಮಾತು ಉಳಿಯಲಿಲ್ಲ. ರಾಜ ಊರಲ್ಲಿಲ್ಲದಾಗ ಮಹಾಧರ್ಮಾಧ್ಯಕ್ಷ ಬರ್ನಾರ್ಡ್, ರಾಣಿ ಕಾನ್‌ಸ್ಟಾನ್ಸಳ ಬೆಂಬಲದಿಂದ ಮಹಾಮಸೀದಿಯನ್ನು ವಶಪಡಿಸಿಕೊಂಡರೆಂದು ಹದಿಮೂರನೆಯ ಶತಮಾನದ ಇತಿಹಾಸಕಾರ ರೊಡ್ರಿಗೊ ಹಿಮೆನೆಸ್ ಡೆ ರಾಡಾ ಬರೆದಿಟ್ಟಿದ್ದಾನೆ. ಅಲ್ಫೊನ್ಸೊ ಸಿಟ್ಟಿನಿಂದ ಕುದಿಯುತ್ತ ಮರಳಿದಾಗ ಇನ್ನಷ್ಟು ರಕ್ತ ಹರಿಯುವುದು ಬೇಡವೆಂದು, ತಪ್ಪಿತಸ್ಥರನ್ನು ಕ್ಷಮಿಸಬೇಕೆಂದು ಬೇಡಿಕೊಂಡವನು ಒಬ್ಬ ಮುಸ್ಲಿಂ ಧರ್ಮಪಂಡಿತನಂತೆ. ಆ ಪಂಡಿತನ ಮೂರ್ತಿ ಇಂದಿಗೂ ಟೊಲೆಡೊ ಪ್ರಧಾನಾಲಯದ ಮುಖ್ಯ ಬಲಿಪೀಠದ ಭಾಗದಲ್ಲೇ, ರಾಜರು ಸಂತರ ನಡುವೆ ನಿಂತಿದೆ! ಹುಡುಕಿಕೊಂಡು ಹೋಗಿ ಅದರ ಮುಂದೆ ನಿಂತೆ. ಮಸೀದಿ ಕಳೆದುಕೊಂಡವನ ಮೂರ್ತಿ, ಆ ಮಸೀದಿಯ ನೆಲದ ಮೇಲೆಯೇ ಎದ್ದ ಚರ್ಚಿನಲ್ಲಿ.

ಮಹಾಮಸೀದಿ ಉಳಿಯಲಿಲ್ಲ. 1226ರಲ್ಲಿ ಅದರ ಜಾಗದಲ್ಲಿ ಗಾಥಿಕ್ ಪ್ರಧಾನಾಲಯದ ಕೆಲಸ ಶುರುವಾಯಿತು. ಊರಿನ ದೊಡ್ಡದು ಅಳಿಯಿತು, ಕೋಟೆಬಾಗಿಲ ಬಳಿಯ ಈ ಪುಟ್ಟದು ಉಳಿಯಿತು.

ತಿರುಗಿ ನಿಂತ ಪ್ರಾರ್ಥನೆ

ಹೇಗೆ ಉಳಿಯಿತು? ಉತ್ತರ ಕಟ್ಟಡದ ಹಿಂಭಾಗದಲ್ಲಿದೆ. 1180ರ ದಶಕದಲ್ಲಿ ಇದು ಸಂತ ಯೊವಾನ್ನರ ಹೆಸರಿನ ನೈಟ್‌ಗಳ ಕೈಗೆ ಬಂತು. ಕ್ರೈಸ್ತ ಪೂಜೆಗೆ ಬಲಿಪೀಠ ಬೇಕು, ಬಲಿಪೀಠಕ್ಕೆ ದುಂಡನೆಯ ಅರ್ಧವೃತ್ತದ ಕೊಠಡಿ ಬೇಕು. ಅವರು ಮಸೀದಿಯನ್ನು ಕೆಡವಲಿಲ್ಲ. ಈಶಾನ್ಯದ ಗೋಡೆಯನ್ನು ತೆರೆದು ಅಲ್ಲಿಗೆ ಆ ಕೊಠಡಿಯನ್ನು ಕೂಡಿಸಿದರು. ಅಷ್ಟೇ!

ನಮಾಜಿನ ದಿಕ್ಕು ತೋರುವ ಮಸೀದಿಯ ಕಿಬ್ಲಾ ಗೋಡೆ ಇದ್ದದ್ದು ಆಗ್ನೇಯಕ್ಕೆ. ಚರ್ಚಿನ ಬಲಿಪೀಠ ಈಶಾನ್ಯಕ್ಕೆ. ಅಂದರೆ ಪ್ರಾರ್ಥಿಸುವವರು ತೊಂಬತ್ತು ಡಿಗ್ರಿ ತಿರುಗಿ ನಿಂತರು. ಉದ್ದನೆಯ ಹಜಾರವಾಗಿದ್ದರೆ ಇದು ಆಗುತ್ತಿರಲಿಲ್ಲ, ಒಡೆಯಲೇಬೇಕಾಗುತ್ತಿತ್ತು. ಆದರೆ ಒಂಬತ್ತು ಅಂಕಣದ ಚೌಕಕ್ಕೆ ಯಾವ ದಿಕ್ಕಾದರೂ ಒಂದೇ. ಎತ್ತ ತಿರುಗಿದರೂ ಮೂರು ಅಂಕಣ ಮುಂದೆ, ಮೂರು ಹಿಂದೆ, ನಡುವೆ ಎತ್ತರದ ಗುಮ್ಮಟ. ಮೂಸಾ ಇಬ್ನ್ ಅಲಿ ಹಾಕಿದ ಚೌಕ ತನಗೆ ಗೊತ್ತೇ ಇಲ್ಲದ ಒಂದು ಪೂಜಾವಿಧಿಗೂ ಜಾಗ ಬಿಟ್ಟುಕೊಟ್ಟಿತು. ನಡುವಿನ ಅಂಕಣದಲ್ಲಿ ನಿಂತು ಒಮ್ಮೆ ಆಗ್ನೇಯಕ್ಕೂ ಒಮ್ಮೆ ಈಶಾನ್ಯಕ್ಕೂ ಮುಖ ಮಾಡಿ ನೋಡಿದೆ. ಎರಡೂ ಸಲ ಕಟ್ಟಡ ನನ್ನ ಎದುರಿಗೇ ನಿಂತಿತು!

ಹೊರಗಿನಿಂದ ಆ ಹೊಸ ಭಾಗವನ್ನು ನೋಡಿ. ಹೊಸದು ಎಂದರೆ ಎಂಟುನೂರು ವರ್ಷದ್ದು. ಅದೇ ತೆಳು ಇಟ್ಟಿಗೆ, ಅದೇ ದಪ್ಪ ಗಾರೆಯ ಸಂದು, ಅದೇ ರೀತಿ ಗೋಡೆಯ ಮೇಲೆ ಉಬ್ಬಿಸಿದ ಕಮಾನುಗಳ ಸಾಲು. ಕೆಳಗೆ ಸುತ್ತು ಬಳಸಿಟ್ಟ ಕಲ್ಲಿನ ವರಸೆ, ನಡುವೆ ನಡುವೆ ಇಟ್ಟಿಗೆಯ ಪಟ್ಟಿ. ಕ್ರೈಸ್ತ ಆಳ್ವಿಕೆಯಲ್ಲಿ ಮುಸ್ಲಿಂ ಕಸುಬಿನ ಪರಂಪರೆಯಲ್ಲಿ ಎದ್ದ ಇಂಥ ಕಟ್ಟಡಗಳನ್ನು ಸ್ಪೇನಿನವರು ಮುದೆಹಾರ್ ಶೈಲಿ ಎನ್ನುತ್ತಾರೆ. ಅದರ ಶಾಲೆಯೇ ಟೊಲೆಡೊ. ಆ ಶಾಲೆಯ ಮೊದಲ ಪಾಠಗಳಲ್ಲಿ ಒಂದು ಈ ಗೋಡೆ.

ಒಳಗೆ ಅರ್ಧವೃತ್ತದ ಮಾಡಿನಲ್ಲಿ ಬಣ್ಣದ ಚಿತ್ರ: ವೈಭವದಿಂದ ಕೂತ ಯೇಸುಕ್ರಿಸ್ತ, ಸುತ್ತ ಶುಭಸಂದೇಶಕಾರರ ಸಂಕೇತಗಳು, ಕೆಳಗೆ ಸಂತರು. ಬಣ್ಣ ಮಾಸಿದೆ, ಅಲ್ಲಲ್ಲಿ ಉದುರಿದೆ, ಆದರೂ ಆ ಕಣ್ಣುಗಳು ಇನ್ನೂ ದಿಟ್ಟಿಸುತ್ತವೆ. ಇದರ ಪಕ್ಕದಲ್ಲೇ, ಕಮಾನಿನ ಅಂಚು ಹಿಡಿದು, ಅರಬ್ಬೀ ಬರಹ! ಚರ್ಚಿನ ಒಳಗೆ, ಬಲಿಪೀಠದ ಹತ್ತಿರ, ಒಳಿತಾಗಲಿ ಏಳಿಗೆಯಾಗಲಿ ಎಂದು ಹಾರೈಸುವ ಅರಬ್ಬೀ ಪದಗಳು. ಇದೇ ಊರಿನ ಸಾನ್ ರೊಮಾನ್ ಚರ್ಚಿನ ಭಿತ್ತಿಚಿತ್ರಗಳಲ್ಲೂ ಅರಬ್ಬೀ ಅಕ್ಷರಗಳ ಪಟ್ಟಿಗಳಿವೆ.

ಇದು ಕುಂಚದವನ ಕೈತಪ್ಪಲ್ಲ. ಆ ಕಾಲದ ಟೊಲೆಡೊದ ಕ್ರೈಸ್ತರಲ್ಲಿ ಅರಬ್ಬೀ ಮಾತಾಡುವವರು ಬಹಳ ಮಂದಿ. ಮುಸ್ಲಿಂ ಆಳ್ವಿಕೆಯಲ್ಲಿ ತಮ್ಮ ಧರ್ಮ ಬಿಡದೆ ಉಳಿದ ಈ ಮೊಸಾರಬ್ ಕ್ರೈಸ್ತರು, ಆಳ್ವಿಕೆ ಬದಲಾದ ಮೇಲೂ ಎರಡು ಶತಮಾನ ತಮ್ಮ ಮನೆ ಮಾರಾಟದ ಪತ್ರ, ದ್ರಾಕ್ಷಿತೋಟದ ಕ್ರಯಪತ್ರ, ಮರಣಶಾಸನಗಳನ್ನು ಅರಬ್ಬಿಯಲ್ಲೇ ಬರೆಸಿದರು. ಅಂಥ ಪತ್ರಗಳು ಸಾವಿರಕ್ಕೂ ಹೆಚ್ಚು ಉಳಿದಿವೆ. ಯೇಸುವಿಗೆ ಕೈ ಮುಗಿದು ಅರಬ್ಬಿಯಲ್ಲಿ ಸಹಿ ಹಾಕುತ್ತಿದ್ದ ಜನಕ್ಕೆ ಬಲಿಪೀಠದ ಬಳಿ ಅರಬ್ಬೀ ಹಾರೈಕೆ ವಿಚಿತ್ರವೇ ಅಲ್ಲ. ಅವರ ಪುರಾತನ ಪೂಜಾವಿಧಿ ಟೊಲೆಡೊ ಪ್ರಧಾನಾಲಯದ ಮೊಸಾರಬ್ ಗುಡಿಯಲ್ಲಿ ಇವತ್ತಿಗೂ ನಡೆಯುತ್ತದೆ.

ಅಂಗಳದಲ್ಲಿ ಇನ್ನೊಂದು ಪದರ ತೆರೆದುಕೊಂಡಿದೆ. ಅಗೆದಾಗ ಸಿಕ್ಕ ರೋಮನ್ ಕಾಲದ ರಸ್ತೆ, ದಪ್ಪ ಕಲ್ಲುಹಾಸು, ಅದರಡಿಯ ಚರಂಡಿ ಸಹಿತ! ರೋಮನ್ ರಸ್ತೆ, ವಿಸಿಗೋಥ್ ಬೋದಿಗೆ, ಮುಸ್ಲಿಂ ಗುಮ್ಮಟ, ಕ್ರೈಸ್ತ ಚಿತ್ರ. ನಾಲ್ಕು ನಾಗರಿಕತೆಗಳನ್ನು ನೋಡಲು ನಾಲ್ಕು ಹೆಜ್ಜೆ ಸಾಕು.

ಉಜ್ಜಯಿನಿಯ ಎಳೆ

ಇಲ್ಲಿಗೆ ಬಂದ ಭಾರತೀಯರು ಇನ್ನೊಂದು ಎಳೆಯನ್ನೂ ಹಿಡಿಯಬೇಕು. ಈ ಮಸೀದಿ ಏಳುತ್ತಿದ್ದ ವರ್ಷಗಳಲ್ಲೇ ಕೊರ್ದೊಬಾದಲ್ಲಿ ಮಸ್ಲಮಾ ಅಲ್-ಮಜ್ರೀತಿ ಎಂಬ ಖಗೋಳಜ್ಞ ಅಲ್-ಖ್ವಾರಿಜ್ಮಿ ಬರೆದ ಗ್ರಹಗತಿಯ ಕೋಷ್ಟಕಗಳನ್ನು ತಿದ್ದಿ ಕೊರ್ದೊಬಾದ ರೇಖೆಗೆ ಹೊಂದಿಸಿದ. ಆ ಕೋಷ್ಟಕಗಳ ಬೇರು ನಮ್ಮ ಬ್ರಹ್ಮಗುಪ್ತನ ಗಣಿತದಲ್ಲಿತ್ತು, ಅವುಗಳ ಮೂಲ ಮಧ್ಯರೇಖೆ ಉಜ್ಜಯಿನಿಯದು! ಉತ್ತರ ಸ್ಪೇನಿನ ಅಲ್ಬೆಲ್ಡಾ ಕ್ರೈಸ್ತ ಮಠದಲ್ಲಿ 976ರಲ್ಲಿ ಬರೆದ ಹಸ್ತಪ್ರತಿಯೊಂದು ಭಾರತದ ಅಂಕಿಗಳನ್ನು ಒಂದರಿಂದ ಒಂಬತ್ತರ ತನಕ ಬರೆದು, ಅವು ಭಾರತೀಯರ ಜಾಣ್ಮೆ ಎಂದು ಹೊಗಳುತ್ತದೆ.

ಮಸೀದಿ ಮುಗಿದು ಏಳು ದಶಕ ಕಳೆಯುವ ಮುನ್ನ, ಟೊಲೆಡೊದ ಖಾಜಿಯಾಗಿದ್ದ ಸಾಇದ್ ಅಲ್-ಅಂದಲೂಸಿ ಲೋಕದ ಜನಾಂಗಗಳ ವಿದ್ಯೆಯ ಬಗ್ಗೆ ಒಂದು ಪುಸ್ತಕ ಬರೆದ. ವಿಜ್ಞಾನ ಬೆಳೆಸಿದ ಎಂಟು ಜನಾಂಗಗಳ ಪಟ್ಟಿಯಲ್ಲಿ ಅವನು ಮೊದಲ ಸ್ಥಾನ ಕೊಟ್ಟದ್ದು ಭಾರತೀಯರಿಗೆ. ಅವನು 1070ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಹದಿನೈದು ವರ್ಷದಲ್ಲಿ ಆಳ್ವಿಕೆ ಬದಲಾಯಿತು. ವಿದ್ಯೆಯ ಹರಿವು ನಿಲ್ಲಲಿಲ್ಲ. ಇಟಲಿಯ ಕ್ರೆಮೋನಾದಿಂದ ಬಂದ ಗೆರಾರ್ಡ್ ಟೊಲೆಡೊದಲ್ಲಿ ಅರಬ್ಬಿ ಕಲಿತು ಖಗೋಳ, ವೈದ್ಯ, ಬೀಜಗಣಿತದ ಗ್ರಂಥಗಳನ್ನು ಒಂದಾದ ಮೇಲೊಂದು ಲ್ಯಾಟಿನ್‌ಗೆ ತಂದ. ಅವನು ತೀರಿಕೊಂಡದ್ದು 1187ರಲ್ಲಿ. ಈ ಮಸೀದಿ ನೈಟ್‌ಗಳ ಕೈಗೆ ಬಂದು ಚರ್ಚಾಗುತ್ತಿದ್ದ ದಶಕವೇ ಅದು!

ಒಂದೇ ಊರು, ಒಂದೇ ದಶಕ. ಮೇಜಿನ ಮುಂದೆ ಒಬ್ಬ ಅರಬ್ಬೀ ಪುಟ ತಿರುವುತ್ತಿದ್ದಾನೆ, ಕೋಟೆಬಾಗಿಲ ಬಳಿ ಇನ್ನೊಬ್ಬ ಅರಬ್ಬೀ ಬರಹದ ಗೋಡೆಯ ಪಕ್ಕ ಇಟ್ಟಿಗೆ ಇಡುತ್ತಿದ್ದಾನೆ. ಇಬ್ಬರೂ ಗೆದ್ದವರ ಸಂಬಳದಲ್ಲಿದ್ದರು, ಸೋತವರ ವಿದ್ಯೆಯನ್ನು ಕೈಬಿಡಲಿಲ್ಲ. ಯುದ್ಧ, ಒಪ್ಪಂದ ಮುರಿದದ್ದು, ಮಹಾಮಸೀದಿ ಕಸಿದದ್ದು, ಯಾವುದನ್ನೂ ಇದು ಅಳಿಸುವುದಿಲ್ಲ. ಆದರೆ ಅದೆಲ್ಲದರ ನಡುವೆಯೂ ಕಸುಬು ಕೈಯಿಂದ ಕೈಗೆ ದಾಟಿತು ಎನ್ನುವುದಕ್ಕೆ ಮುಟ್ಟಿ ನೋಡುವ ಸಾಕ್ಷಿ ಇಲ್ಲಿದೆ.

ಒಂದು ಕಟ್ಟಡ ಓದಿದರೆ ಊರೆಲ್ಲ ಓದಿದಂತೆ

ಇಲ್ಲಿಂದ ಹೊರಬಿದ್ದ ಮೇಲೆ ಟೊಲೆಡೊ ಬೇರೆಯೇ ಊರಾಯಿತು. ಪುಯೆರ್ತಾ ಡೆಲ್ ಸೋಲ್ ಬಾಗಿಲನ್ನು ಮತ್ತೆ ನೋಡಿದೆ: ಹದಿನಾಲ್ಕನೆಯ ಶತಮಾನದಲ್ಲಿ ಕ್ರೈಸ್ತ ನೈಟ್‌ಗಳು ಕಟ್ಟಿಸಿದ ಆ ಬಾಗಿಲ ನೆತ್ತಿಯಲ್ಲೂ ಹೆಣೆದುಕೊಂಡ ಇಟ್ಟಿಗೆಯ ಕಮಾನುಗಳು! ಎಲ್ ಗ್ರೆಕೊನ ಓರ್ಗಾಸ್ ದೊರೆಯ ಚಿತ್ರ ನೋಡಲು ಜನ ಸಾಲು ನಿಲ್ಲುವ ಸಾಂತೊ ತೊಮೆ ಚರ್ಚು ಇದೆಯಲ್ಲ, ಅದರ ಗಂಟೆಗೋಪುರ ಅಪ್ಪಟ ಮುದೆಹಾರ್. ಎಲ್ ಸಲ್ವದೋರ್ ಚರ್ಚು ಕೂಡ ಒಂದು ಕಾಲದ ಮಸೀದಿಯೇ. ಅದರ ಒಳಗಿನ ವಿಸಿಗೋಥ್ ಕಂಬವೊಂದರ ಮೇಲೆ ಕ್ರಿಸ್ತನ ಪವಾಡಗಳ ಕೆತ್ತನೆ ಇದೆ.

ಯೆಹೂದ್ಯರ ಕೇರಿಗೆ ಇಳಿದರೆ ಸಾಂತಾ ಮರಿಯಾ ಲಾ ಬ್ಲಾಂಕಾ: ಬಿಳಿ ಸುಣ್ಣದ ಎಂಟುಮೂಲೆಯ ಕಂಬಗಳ ಮೇಲೆ ಸಾಲು ಸಾಲು ಲಾಳದ ಕಮಾನು. ಕಟ್ಟಿಸಿದವರು ಯೆಹೂದ್ಯರು, ಕಟ್ಟಡದ ಶೈಲಿ ಮುಸ್ಲಿಂ ಪರಂಪರೆಯದು, ಹೆಸರು ಕ್ರೈಸ್ತ ಮಾತೆಯದು! ಹದಿನೈದನೆಯ ಶತಮಾನದಲ್ಲಿ ಅದೂ ಚರ್ಚಾಯಿತು. ಅಲ್ಲೇ ಹತ್ತಿರದ ಎಲ್ ಟ್ರಾನ್ಸಿತೊ, ರಾಜ ಪೆದ್ರೊನ ಖಜಾಂಚಿ ಸಾಮುಯೆಲ್ ಹಾ-ಲೆವಿ ಕಟ್ಟಿಸಿದ ಯೆಹೂದ್ಯ ಪ್ರಾರ್ಥನಾಲಯ. ಅದರ ಗಾರೆಯ ಕುಸುರಿಯಲ್ಲಿ ಹೀಬ್ರೂ ಸಾಲುಗಳ ಜೊತೆಗೆ ಅರಬ್ಬೀ ಬರಹ ಸುಳಿದಾಡುತ್ತದೆ. 1492ರಲ್ಲಿ ಯೆಹೂದ್ಯರನ್ನು ದೇಶದಿಂದ ಹೊರಗಟ್ಟಿದರು. ಮುಸ್ಲಿಮರನ್ನು ಮತಾಂತರಕ್ಕೆ ಒಳಪಡಿಸಿ, ಹದಿನೇಳನೆಯ ಶತಮಾನದ ಆರಂಭದಲ್ಲಿ ಅವರ ಸಂತತಿಯನ್ನೂ ಓಡಿಸಿದರು. ಜನರನ್ನು ಓಡಿಸಿದ ಊರು ಅವರ ಕಸುಬನ್ನು ಓಡಿಸಲಾರದೆ ಹೋಯಿತು. ಮರಳಿ ರೈಲು ಹಿಡಿಯಲು ಬಂದರೆ ಅಲ್ಲೂ ಅದೇ! 1919ರಲ್ಲಿ ತೆರೆದ ಟೊಲೆಡೊ ರೈಲು ನಿಲ್ದಾಣದ ಗೋಡೆ ತುಂಬ ಮುದೆಹಾರ್ ಮಾದರಿಯ ಕಮಾನು, ಇಟ್ಟಿಗೆಯ ಹೆಣಿಗೆ, ಗಡಿಯಾರ ಗೋಪುರ.

ಟೊಲೆಡೊಗೆ ಹೋಗುವವರಿಗೆ ನನ್ನ ಮಾತು ಒಂದೇ. ಪ್ರಧಾನಾಲಯಕ್ಕೂ ಮೊದಲು, ಎಲ್ ಗ್ರೆಕೊನ ಚಿತ್ರಕ್ಕೂ ಮೊದಲು ಈ ಪುಟ್ಟ ಚೌಕಕ್ಕೆ ಬನ್ನಿ. ಬೆಳಿಗ್ಗೆ ಜನ ಸೇರುವ ಮುನ್ನ ಬಂದರೆ ಒಂಬತ್ತು ಗುಮ್ಮಟಗಳ ಕೆಳಗೂ ಒಂದೊಂದು ಸಲ ನಿಂತು ನೋಡಬಹುದು. ಆಮೇಲೆ ಹಿಂಬದಿಗೆ ಹೋಗಿ ಆ ಎರಡು ಕಾಲದ ಗೋಡೆಗಳು ಕೂಡುವ ಮೂಲೆಯನ್ನು ಹುಡುಕಿ. ಕೊನೆಯಲ್ಲಿ ಬೀದಿಗೆ ಬಂದು ಆ ಇಟ್ಟಿಗೆಯ ಬರಹವನ್ನು ನೋಡಿ. ಇದು ಮಸೀದಿಯೋ ಚರ್ಚೋ ಎಂದು ಜಗಳ ಆಡುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಕಟ್ಟಿದ್ದು ಯಾರು ಎಂದು ಕೇಳುವವರಿಗೆ ಮಾತ್ರ ಈ ಗೋಡೆ ನೇರ ಉತ್ತರ ಕೊಡುತ್ತದೆ: ಮೂಸಾ ಇಬ್ನ್ ಅಲಿ, ಮತ್ತು ಇನ್ನೂರು ವರ್ಷದ ಮೇಲೆ ಬಂದು, ತನ್ನ ಹೆಸರು ಬರೆಯದೆ, ಅವನ ಕಮಾನಿನ ಪಕ್ಕ ಅಂಥದೇ ಕಮಾನು ಕಟ್ಟಿದ ಇನ್ನೊಬ್ಬ ಮೇಸ್ತ್ರಿ.